ಖಾಸಗಿ ಕಾರುಗಳ ನಿಯತಕಾಲಿಕ ನಿರ್ವಹಣೆ: ಅಗತ್ಯ ಯಾವುದು, ಅನಗತ್ಯ ಯಾವುದು?

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ಕಾರು ಕೊಳ್ಳುವಾಗ ಅದರ ಬೆಲೆ, ತೆರಿಗೆ ಮತ್ತು ವಿಮೆಯನ್ನು ಲೆಕ್ಕ ಹಾಕುವವರು ಹಲವರು. ಮುಂದಿನ ಹತ್ತು ಹದಿನೈದು ವರ್ಷಗಳ ನಿರ್ವಹಣಾ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಈ ಕಾರಣದಿಂದ ಎರಡು ಬಗೆಯ ತಪ್ಪುಗಳು ಉಂಟಾಗುತ್ತವೆ. ಸರ್ವಿಸ್ ಕೇಂದ್ರದಲ್ಲಿ ಸೂಚಿಸಿದ ಎಲ್ಲ ಕೆಲಸಗಳಿಗೂ ಒಪ್ಪಿಗೆ ನೀಡಿ ಅನಗತ್ಯವಾಗಿ ಹಣ ವ್ಯಯಿಸುವುದು ಒಂದು. ಖರ್ಚಿಗೆ ಅಂಜಿ ಅತ್ಯಗತ್ಯವಾದ ಕೆಲಸವನ್ನೂ ಮುಂದೂಡಿ, ಕೊನೆಗೆ ಎಂಜಿನ್ ಕಳೆದುಕೊಳ್ಳುವುದು ಅಥವಾ ಅಪಘಾತಕ್ಕೆ ಈಡಾಗುವುದು ಇನ್ನೊಂದು. ಮೊದಲನೆಯ ತಪ್ಪಿನಿಂದ ಹಣ ಮಾತ್ರ ನಷ್ಟವಾಗುತ್ತದೆ. ಎರಡನೆಯದರಿಂದ ಜೀವಹಾನಿಯೂ ಸಂಭವಿಸಬಹುದು.

ಈ ಎರಡೂ ತಪ್ಪುಗಳನ್ನು ತಪ್ಪಿಸಲು ವಾಹನ ಮಾಲೀಕರು ಯಂತ್ರಶಾಸ್ತ್ರವನ್ನು ಕಲಿಯಬೇಕಾಗಿಲ್ಲ. ತಮ್ಮ ಕಾರು ವರ್ಷಕ್ಕೆ ಎಷ್ಟು ಓಡುತ್ತದೆ, ಎಂತಹ ರಸ್ತೆಯಲ್ಲಿ ಓಡುತ್ತದೆ ಮತ್ತು ತಯಾರಕರು ಏನನ್ನು ಸೂಚಿಸಿದ್ದಾರೆ ಎಂಬ ಮೂರು ಸಂಗತಿಗಳನ್ನು ಅರಿತರೆ ಸಾಕು.

1. ನಿರ್ವಹಣೆಗೆ ಆಧಾರ: ಮಾಲೀಕರ ಕೈಪಿಡಿ

ಪ್ರತಿಯೊಂದು ಕಾರಿನೊಂದಿಗೆ ತಯಾರಕರು ಮಾಲೀಕರ ಕೈಪಿಡಿಯನ್ನು ನೀಡುತ್ತಾರೆ. ಯಾವ ಕೆಲಸವನ್ನು ಎಷ್ಟು ಕಿಲೋಮೀಟರಿಗೆ ಅಥವಾ ಎಷ್ಟು ತಿಂಗಳಿಗೆ ಮಾಡಿಸಬೇಕು ಎಂಬ ವೇಳಾಪಟ್ಟಿ ಅದರಲ್ಲಿರುತ್ತದೆ. ಸರ್ವಿಸ್ ಕೇಂದ್ರದ ಗೋಡೆಯ ಮೇಲಿನ ಪಟ್ಟಿಯಾಗಲಿ, ಪರಿಚಿತರ ಸಲಹೆಯಾಗಲಿ ಈ ವೇಳಾಪಟ್ಟಿಗೆ ಪರ್ಯಾಯವಲ್ಲ. ಹಳೆಯ ಕಾರನ್ನು ಕೊಂಡವರಿಗೆ ಕೈಪಿಡಿ ದೊರೆಯದಿದ್ದಲ್ಲಿ, ಬಹುತೇಕ ತಯಾರಕರ ಜಾಲತಾಣಗಳಲ್ಲಿ ಅದನ್ನು ಉಚಿತವಾಗಿ ಪಡೆಯಬಹುದಾಗಿದೆ.

ವೇಳಾಪಟ್ಟಿಯನ್ನು ಓದುವಾಗ ಎರಡು ಅಂಶಗಳನ್ನು ಗಮನಿಸಬೇಕು.

(ಅ) "ಪರೀಕ್ಷಿಸಿ" ಎಂಬುದಕ್ಕೂ "ಬದಲಿಸಿ" ಎಂಬುದಕ್ಕೂ ವ್ಯತ್ಯಾಸವಿದೆ. ಪರೀಕ್ಷಿಸಬೇಕಾದ ಭಾಗವನ್ನು ಬದಲಿಸುವುದರಿಂದಲೇ ಬಿಲ್ಲಿನ ಮೊತ್ತವು ಬಹಳಷ್ಟು ಸಂದರ್ಭಗಳಲ್ಲಿ ಹೆಚ್ಚಾಗುತ್ತದೆ.

(ಆ) ಬಹುತೇಕ ಕೈಪಿಡಿಗಳಲ್ಲಿ ಎರಡು ವೇಳಾಪಟ್ಟಿಗಳಿರುತ್ತವೆ. ಒಂದು ಸಾಮಾನ್ಯ ಬಳಕೆಗೆ, ಮತ್ತೊಂದು ಕಠಿಣ ಬಳಕೆಗೆ. ಧೂಳಿನ ರಸ್ತೆ, ಪದೇ ಪದೇ ಕಿರುದೂರದ ಓಡಾಟ, ನಿಂತು ನಿಂತು ಸಾಗುವ ಸಂಚಾರ ದಟ್ಟಣೆ, ಅಧಿಕ ಭಾರ ಇವು ಕಠಿಣ ಬಳಕೆ ಎನಿಸಿಕೊಳ್ಳುತ್ತವೆ.

2. ಕಿಲೋಮೀಟರ್ ಮತ್ತು ಕಾಲಾವಧಿ: ಮೂರು ಬಗೆಯ ಬಳಕೆ

"10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು" ಎಂಬ ಸೂಚನೆಯು ಇಂದಿನ ಅನೇಕ ಕಾರುಗಳ ಎಂಜಿನ್ ಆಯಿಲ್‌ಗೆ ಅನ್ವಯಿಸುತ್ತದೆ. ಈ ಒಂದೇ ಸೂಚನೆಯು ಮೂವರು ಮಾಲೀಕರಿಗೆ ಮೂರು ರೀತಿಯಲ್ಲಿ ಅನ್ವಯವಾಗುವುದನ್ನು ಕೆಳಗಿನ ಉದಾಹರಣೆಗಳಲ್ಲಿ ಕಾಣಬಹುದು.

ತುಮಕೂರು ನಗರದೊಳಗಿನ ಬಳಕೆ: ಮನೆಯಿಂದ ಕಚೇರಿ, ಶಾಲೆ ಹಾಗೂ ಮಾರುಕಟ್ಟೆಗೆ ದಿನಕ್ಕೆ ಸುಮಾರು 10 ಕಿ.ಮೀ. ಓಡುವ ಕಾರು ವರ್ಷದಲ್ಲಿ 300 ದಿನ ಬಳಕೆಯಾದರೂ 3,000 ಕಿ.ಮೀ. ಮಾತ್ರ ಕ್ರಮಿಸುತ್ತದೆ. ಇಂತಹ ಕಾರಿಗೆ ಕಿಲೋಮೀಟರ್ ಮಿತಿ ಎಂದಿಗೂ ಮೊದಲು ಬರುವುದಿಲ್ಲ. ಆದರೂ ವರ್ಷದ ಮಿತಿಯನ್ನು ಮೀರಬಾರದು. ಎರಡು ಮೂರು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ ಪೂರ್ಣವಾಗಿ ಬಿಸಿಯಾಗದ ಕಾರಣ ತೇವಾಂಶ ಹಾಗೂ ಉರಿಯದ ಇಂಧನವು ಆಯಿಲ್‌ನಲ್ಲಿ ಸೇರಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾವಣೆ ಅವಶ್ಯ. ಕೈಪಿಡಿಯ ಕಠಿಣ ಬಳಕೆಯ ಪಟ್ಟಿಯು ಕಿರುದೂರದ ಓಡಾಟಕ್ಕೆ ಇನ್ನೂ ಕಡಿಮೆ ಅವಧಿಯನ್ನು ಸೂಚಿಸಿದ್ದರೆ ಅದನ್ನೇ ಅನುಸರಿಸತಕ್ಕದ್ದು. ಕಿಲೋಮೀಟರ್ ಆಧಾರದಲ್ಲಿ ಸವೆಯುವ ಬ್ರೇಕ್ ಪ್ಯಾಡ್, ಸ್ಪಾರ್ಕ್ ಪ್ಲಗ್ ಮುಂತಾದವುಗಳನ್ನು ಮಾತ್ರ ಪ್ರತಿ ವರ್ಷ ಬದಲಿಸುವ ಪ್ರಮೇಯವಿಲ್ಲ.

ಗುಬ್ಬಿ ಕಡೆಯ ಬಳಕೆ: ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ. ದೂರವಿದೆ. ದಿನವೂ ಹೋಗಿ ಬರುವವರಿಗೆ 250 ದಿನಗಳಲ್ಲಿ 10,000 ಕಿ.ಮೀ. ಆಗುತ್ತದೆ. ಇಲ್ಲಿ ಕಿಲೋಮೀಟರ್ ಮತ್ತು ಕಾಲಾವಧಿ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತವೆ. ಆದರೆ ಅದೇ ಕಾರು ತೆಂಗು, ಅಡಿಕೆ ತೋಟಗಳ ಕಚ್ಚಾ ರಸ್ತೆಯಲ್ಲಿ ದಿನವೂ ಓಡಾಡುತ್ತಿದ್ದರೆ ಕಠಿಣ ಬಳಕೆಯ ವೇಳಾಪಟ್ಟಿ ಅನ್ವಯವಾಗುತ್ತದೆ. ಏರ್ ಫಿಲ್ಟರ್ ಅನ್ನು ಬೇಸಿಗೆಯಲ್ಲಿ ಹೆಚ್ಚು ಸಲ ತೆಗೆದು ನೋಡುವುದು ಸೂಕ್ತ. ಧೂಳು ತುಂಬಿದ ಫಿಲ್ಟರಿನಿಂದ ಎಂಜಿನ್ನಿಗೆ ಸಾಕಷ್ಟು ಗಾಳಿ ದೊರೆಯುವುದಿಲ್ಲ. ಹರಿದ ಫಿಲ್ಟರಿನಿಂದ ಧೂಳು ನೇರವಾಗಿ ಎಂಜಿನ್ನಿನೊಳಗೆ ಸೇರಿ ಸಿಲಿಂಡರನ್ನು ಸವೆಸುತ್ತದೆ.

ಕುಣಿಗಲ್–ಬೆಂಗಳೂರು ಬಳಕೆ: ಕುಣಿಗಲ್‌ನಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ದೂರವಿದ್ದು, ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ದಿನವೂ ಹೋಗಿ ಬರುವವರ ಕಾರು 250 ದಿನಗಳಲ್ಲಿ 35,000 ಕಿ.ಮೀ. ಕ್ರಮಿಸುತ್ತದೆ. ಅಂದರೆ ಸುಮಾರು ಮೂರೂವರೆ ತಿಂಗಳಿಗೊಮ್ಮೆ 10,000 ಕಿ.ಮೀ. ಮುಗಿಯುತ್ತದೆ. "ವರ್ಷಕ್ಕೊಂದು ಸರ್ವಿಸ್ ಸಾಕು" ಎಂಬ ರೂಢಿಯ ಮಾತು ಇಂತಹ ಕಾರಿಗೆ ಅಪಾಯಕಾರಿ. ಒಂದೇ ಆಯಿಲ್‌ನಲ್ಲಿ 35,000 ಕಿ.ಮೀ. ಓಡಿಸಿದರೆ ಉಳಿಯುವುದು ಎರಡು ಮೂರು ಸರ್ವಿಸ್‌ಗಳ ವೆಚ್ಚ, ಕಳೆದುಕೊಳ್ಳುವುದು ಎಂಜಿನ್. ಟೈರು ಹಾಗೂ ಬ್ರೇಕುಗಳ ಮೇಲೆಯೂ ಇಂತಹ ಮಾಲೀಕರು ಹೆಚ್ಚಿನ ನಿಗಾ ವಹಿಸತಕ್ಕದ್ದು.

3. ಕಾನೂನಿನ ಪ್ರಕಾರ ಕಡ್ಡಾಯವಾದವು

ಕೆಳಕಂಡವುಗಳಲ್ಲಿ ಮಾಲೀಕರಿಗೆ ಆಯ್ಕೆ ಇರುವುದಿಲ್ಲ.

* ಹೊಗೆ ತಪಾಸಣಾ ಪ್ರಮಾಣಪತ್ರ: 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳ 115ನೇ ನಿಯಮದಂತೆ, ಮೊದಲ ನೋಂದಣಿಯಿಂದ ಒಂದು ವರ್ಷ ಕಳೆದ ನಂತರ ಪ್ರತಿ ವಾಹನಕ್ಕೂ ಈ ಪ್ರಮಾಣಪತ್ರವಿರಬೇಕು. ಭಾರತ್ ಸ್ಟೇಜ್-4 ಮತ್ತು ಅದರ ನಂತರದ ಮಾನದಂಡದ ಕಾರುಗಳಿಗೆ ಇದು ಒಂದು ವರ್ಷ, ಅದಕ್ಕೂ ಹಳೆಯ ಮಾನದಂಡದವುಗಳಿಗೆ ಆರು ತಿಂಗಳು ಊರ್ಜಿತದಲ್ಲಿರುತ್ತದೆ.
* ಟೈರಿನ ಅಚ್ಚಿನ ಆಳ: ಕಾರಿನ ಟೈರುಗಳಲ್ಲಿ ಅಚ್ಚಿನ ಆಳವು 1.6 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಟೈರಿನ ಗೀರುಗಳ ನಡುವೆ ಇರುವ ಚಿಕ್ಕ ರಬ್ಬರ್ ಉಬ್ಬುಗಳು ಈ ಮಿತಿಯನ್ನು ತೋರಿಸುತ್ತವೆ. ಅಚ್ಚು ಸವೆದು ಉಬ್ಬಿನ ಮಟ್ಟಕ್ಕೆ ಬಂದರೆ ಟೈರನ್ನು ಬದಲಿಸಲೇಬೇಕು.
* ನೋಂದಣಿ: ಖಾಸಗಿ ಕಾರಿನ ನೋಂದಣಿ 15 ವರ್ಷ ಊರ್ಜಿತ. ಬಳಿಕ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಿ ಐದು ವರ್ಷಗಳ ಅವಧಿಗೆ ನವೀಕರಿಸಿಕೊಳ್ಳಬೇಕು. 14ನೇ ವರ್ಷದಲ್ಲಿ ದೊಡ್ಡ ಮೊತ್ತದ ದುರಸ್ತಿಗೆ ಒಪ್ಪುವ ಮುನ್ನ ಈ ಅಂಶವನ್ನು ಪರಿಗಣಿಸುವುದು ಒಳಿತು.
* ಸಿ.ಎನ್.ಜಿ. ಸಿಲಿಂಡರ್: ಸಿ.ಎನ್.ಜಿ. ಅಳವಡಿಸಿದ ಕಾರುಗಳಲ್ಲಿ ಸಿಲಿಂಡರನ್ನು ಮೂರು ವರ್ಷಗಳಿಗೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು.

ಅಪಾಯಕಾರಿ ಸ್ಥಿತಿಯಲ್ಲಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು 1988ರ ಮೋಟಾರು ವಾಹನಗಳ ಅಧಿನಿಯಮದ 190ನೇ ಪ್ರಕರಣದ ಮೇರೆಗೆ ಅಪರಾಧವಾಗಿರುತ್ತದೆ.

4. ಮುಂದೂಡಬಾರದ ಕೆಲಸಗಳು

ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್: ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಆಯಿಲ್ ಅನ್ನೇ ಬಳಸಬೇಕು. ದುಬಾರಿಯಾದ ಆಯಿಲ್ ಎಲ್ಲ ಕಾರಿಗೂ ಉತ್ತಮವೆಂದು ಭಾವಿಸುವಂತಿಲ್ಲ. ಭಾರತ್ ಸ್ಟೇಜ್-6 ಮಾನದಂಡದ ಡೀಸೆಲ್ ಕಾರುಗಳಲ್ಲಿ ಹೊಗೆಯ ಕಣಗಳನ್ನು ಹಿಡಿದಿಡುವ ಶೋಧಕವಿರುತ್ತದೆ. ಅವುಗಳಿಗೆ ಕಡಿಮೆ ಬೂದಿ ಉಳಿಸುವ ವಿಶೇಷ ಆಯಿಲ್ ಅವಶ್ಯ. ನಗರದೊಳಗೆ ಮಾತ್ರ ಓಡುವ ಡೀಸೆಲ್ ಕಾರಿನಲ್ಲಿ ಈ ಶೋಧಕವು ಕಟ್ಟಿಕೊಳ್ಳುವ ಸಂಭವವಿದೆ. ಕೈಪಿಡಿಯಲ್ಲಿ ಹೇಳಿರುವಂತೆ ಆಗಾಗ್ಗೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಸಂಗ್ರಹವಾದ ಮಸಿ ಸುಟ್ಟುಹೋಗುತ್ತದೆ. ಈ ಕ್ರಮದಿಂದ ದುಬಾರಿ ದುರಸ್ತಿಯನ್ನು ತಪ್ಪಿಸಬಹುದು.

ಬ್ರೇಕ್: ಪ್ಯಾಡುಗಳ ದಪ್ಪವನ್ನು ಪ್ರತಿ ಸರ್ವಿಸ್‌ನಲ್ಲಿ ಅಳತೆ ಮಾಡಿಸಿ, ಅಳತೆಯನ್ನು ಬರೆಸಿಕೊಳ್ಳಬೇಕು. ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುವ ಗುಣ ಹೊಂದಿದೆ. ಹಳೆಯದಾದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ದೇವರಾಯನದುರ್ಗದ ಇಳಿಜಾರಿನಲ್ಲಿ ಬ್ರೇಕನ್ನು ಸತತವಾಗಿ ಒತ್ತಿದಾಗ ಉಂಟಾಗುವ ಶಾಖಕ್ಕೆ ಇಂತಹ ದ್ರವವು ಕುದಿದು ಆವಿಯ ಗುಳ್ಳೆಗಳಾದರೆ, ಪೆಡಲ್ ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. ಆದುದರಿಂದ ಕಾರು ಎಷ್ಟೇ ಕಡಿಮೆ ಓಡಿದ್ದರೂ ಕೈಪಿಡಿಯಲ್ಲಿ ಸೂಚಿಸಿದ ಅವಧಿಗೆ, ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ, ಇದನ್ನು ಬದಲಿಸಬೇಕು. ಇಳಿಜಾರಿನಲ್ಲಿ ಕಡಿಮೆ ಗೇರ್ ಬಳಸುವುದು ಸಹ ಅಷ್ಟೇ ಮುಖ್ಯ.

ಟೈಮಿಂಗ್ ಬೆಲ್ಟ್: ಕೆಲವು ಎಂಜಿನ್ನುಗಳಲ್ಲಿ ರಬ್ಬರಿನ ಬೆಲ್ಟ್, ಕೆಲವುಗಳಲ್ಲಿ ಲೋಹದ ಸರಪಳಿ ಇರುತ್ತದೆ. ಬೆಲ್ಟ್ ಇದ್ದಲ್ಲಿ ಕೈಪಿಡಿಯು ತಿಳಿಸಿದ ಕಿಲೋಮೀಟರ್ ಅಥವಾ ವರ್ಷಕ್ಕೆ ಬದಲಿಸಲೇಬೇಕು. ಬೆಲ್ಟ್ ತುಂಡಾಗುವ ಮುನ್ನ ಯಾವುದೇ ಮುನ್ಸೂಚನೆ ದೊರೆಯದಿರಬಹುದು. ಅನೇಕ ಎಂಜಿನ್ನುಗಳಲ್ಲಿ ಬೆಲ್ಟ್ ತುಂಡಾದ ಕ್ಷಣವೇ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಹಳೆಯ ಕಾರು ಕೊಳ್ಳುವವರು ಬೆಲ್ಟ್ ಬದಲಿಸಿದ ದಾಖಲೆಯನ್ನು ಕೇಳಿ ಪಡೆಯತಕ್ಕದ್ದು.

ಕೂಲಂಟ್: ತುಮಕೂರು ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಲವಣಾಂಶ ಹೆಚ್ಚು. ಇಂತಹ ನೀರನ್ನು ರೇಡಿಯೇಟರಿಗೆ ಹಾಕಿದರೆ ಒಳಗೆ ಗಾರೆಯಂತೆ ಪದರ ಕಟ್ಟಿ, ಬೇಸಿಗೆಯಲ್ಲಿ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ತಯಾರಕರು ಸೂಚಿಸಿದ ಕೂಲಂಟ್ ಮಾತ್ರ ಬಳಸಬೇಕು. ಬೇರೆ ಬೇರೆ ಬಗೆಯವನ್ನು ಬೆರೆಸಬಾರದು. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬಾರದು.

ಟೈರಿನ ಗಾಳಿ: ಸರಿಯಾದ ಗಾಳಿಯ ಒತ್ತಡವನ್ನು ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ನಮೂದಿಸಿರುತ್ತಾರೆ. ಕಡಿಮೆ ಗಾಳಿಯಿಂದ ಟೈರಿನ ಪಕ್ಕದ ಗೋಡೆ ಬಾಗಿ ಬಿಸಿಯಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಟೈರು ಸಿಡಿಯಲು ಇದು ಪ್ರಮುಖ ಕಾರಣ. ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ಪರೀಕ್ಷಿಸಿಕೊಳ್ಳುವುದು ಸೂಕ್ತ. ಇದಕ್ಕೆ ತಗಲುವ ವೆಚ್ಚ ಅತ್ಯಲ್ಪ.

5. ಸ್ಥಿತಿಯನ್ನು ನೋಡಿ ನಿರ್ಧರಿಸಬೇಕಾದವು

* ಬ್ಯಾಟರಿ: ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳಿಕೆ ಬರುತ್ತದೆ. ವರ್ಷವಾಯಿತೆಂಬ ಕಾರಣಕ್ಕೆ ಬದಲಿಸದೆ ಪರೀಕ್ಷೆ ಮಾಡಿಸಬೇಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ ಅದು ಪೂರ್ಣ ಚಾರ್ಜ್ ಆಗಿದೆ ಎಂದರ್ಥ. ಪದೇ ಪದೇ ಚಾರ್ಜ್ ಇಳಿಯುತ್ತಿದ್ದರೆ ದೋಷವು ಆಲ್ಟರ್ನೇಟರಿನಲ್ಲಿಯೂ ಇರಬಹುದು. ಹೊಸ ಬ್ಯಾಟರಿ ಕೊಳ್ಳುವ ಮುನ್ನ ಅದನ್ನೂ ಪರೀಕ್ಷಿಸಿಕೊಳ್ಳಬೇಕು.
* ಸ್ಪಾರ್ಕ್ ಪ್ಲಗ್: ಸಾಧಾರಣ ಪ್ಲಗ್ಗಿಗಿಂತ ಇರಿಡಿಯಂ ಪ್ಲಗ್ಗು ಬಹುಪಾಲು ಎರಡು ಪಟ್ಟು ಅಥವಾ ಹೆಚ್ಚು ಬಾಳುತ್ತದೆ. ಕಾರಿನಲ್ಲಿ ಯಾವುದಿದೆ ಎಂದು ತಿಳಿಯದೆ ಬದಲಿಸಬಾರದು.
* ವ್ಹೀಲ್ ಅಲೈನ್‌ಮೆಂಟ್: ಸ್ಟಿಯರಿಂಗ್ ಒಂದು ಬದಿಗೆ ಎಳೆಯುತ್ತಿದ್ದರೆ, ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ಅಥವಾ ದೊಡ್ಡ ಗುಂಡಿಗೆ ಚಕ್ರ ಬಿದ್ದಿದ್ದರೆ ಮಾಡಿಸಬೇಕು. ಟೈರುಗಳ ಸ್ಥಾನ ಬದಲಾವಣೆಯನ್ನು ಕೈಪಿಡಿಯಂತೆ ಮಾಡಿಸಿದರೆ ನಾಲ್ಕೂ ಟೈರುಗಳು ಸಮನಾಗಿ ಸವೆಯುತ್ತವೆ.
* ಟೈರಿನ ವಯಸ್ಸು: ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. "2321" ಎಂದಿದ್ದರೆ 2021ನೇ ವರ್ಷದ 23ನೇ ವಾರದಲ್ಲಿ ತಯಾರಾಗಿದೆ ಎಂದರ್ಥ. ಕಡಿಮೆ ಓಡಿದ ಕಾರಿನಲ್ಲಿ ಅಚ್ಚು ಚೆನ್ನಾಗಿದ್ದರೂ ಬಿಸಿಲಿಗೆ ರಬ್ಬರು ಬಿರುಕು ಬಿಟ್ಟಿರಬಹುದು. ಐದು ವರ್ಷದ ನಂತರ ಪ್ರತಿ ವರ್ಷ ಪರೀಕ್ಷಿಸುವುದು ಒಳಿತು.
* ಎ.ಸಿ. ಅನಿಲ: ಇದು ಮುಚ್ಚಿದ ವ್ಯವಸ್ಥೆಯಲ್ಲಿ ಸುತ್ತುವುದರಿಂದ ಪ್ರತಿ ಬೇಸಿಗೆಯಲ್ಲೂ ತುಂಬಿಸುವ ಅಗತ್ಯವಿಲ್ಲ. ಪದೇ ಪದೇ ಕಡಿಮೆಯಾಗುತ್ತಿದ್ದರೆ ಮೊದಲು ಸೋರಿಕೆಯನ್ನು ಪತ್ತೆ ಹಚ್ಚಿ ಸರಿಪಡಿಸಬೇಕು.
* ರಬ್ಬರ್ ಕೊಳವೆಗಳು: ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾರಂಭದಲ್ಲಿ ಬಿಡುಗಡೆಯಾಗಿ, ನಂತರ ದೇಶದಾದ್ಯಂತ ವಿತರಣೆಗೆ ಬಂದಿದೆ. ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇಂಧನದ ಕೊಳವೆ ಹಾಗೂ ಗ್ಯಾಸ್ಕೆಟ್‌ಗಳನ್ನು ಪ್ರತಿ ಸರ್ವಿಸ್‌ನಲ್ಲಿ ಪರೀಕ್ಷಿಸಿ, ಬಿರುಕು ಅಥವಾ ಊತ ಕಂಡಲ್ಲಿ ಬದಲಿಸಬೇಕು. ಇವುಗಳ ಬೆಲೆ ಹೆಚ್ಚಿಲ್ಲ. ಆದರೆ ಪೆಟ್ರೋಲ್ ಸೋರಿಕೆಯಿಂದ ಬೆಂಕಿಯ ಅಪಾಯವಿದೆ.

6. ಸಾಮಾನ್ಯವಾಗಿ ಅಗತ್ಯವಿರದ ಕೆಲಸಗಳು

ಕೆಳಕಂಡ ಕೆಲಸಗಳು ಕೈಪಿಡಿಯ ವೇಳಾಪಟ್ಟಿಯಲ್ಲಿ ಸಾಧಾರಣವಾಗಿ ಇರುವುದಿಲ್ಲ. ನಿರ್ದಿಷ್ಟ ದೋಷ ಕಂಡುಬಂದಾಗ ಇವುಗಳಲ್ಲಿ ಕೆಲವು ಉಪಯುಕ್ತವಾಗಬಹುದು. ದೋಷವಿಲ್ಲದಿದ್ದಾಗ ಪ್ರತಿ ಸರ್ವಿಸ್‌ನಲ್ಲೂ ಮಾಡಿಸುವುದು ಅನಗತ್ಯ ವೆಚ್ಚವಾಗಿರುತ್ತದೆ.

* ಎಂಜಿನ್ ಫ್ಲಶ್: ಸಕಾಲದಲ್ಲಿ ಆಯಿಲ್ ಬದಲಿಸಿದ ಎಂಜಿನ್ನಿಗೆ ಇದು ಬೇಕಾಗುವುದಿಲ್ಲ.
* ಇಂಜೆಕ್ಟರ್ ಶುದ್ಧೀಕರಣ ಮತ್ತು ಎಂಜಿನ್ನಿನ ಮಸಿ ತೆಗೆಯುವ ಕೆಲಸ: ಎಂಜಿನ್ ಮಿಡಿತ ತಪ್ಪುವುದು, ಮೈಲೇಜು ಗಣನೀಯವಾಗಿ ಇಳಿಯುವುದು ಮುಂತಾದ ಲಕ್ಷಣವಿಲ್ಲದೆ ಮಾಡಿಸುವ ಅಗತ್ಯವಿಲ್ಲ.
* ಟೆಫ್ಲಾನ್ ಲೇಪನ, ಒಳಾಂಗಣ ಹೊಳಪು, ಸುವಾಸನೆಯ ಸಿಂಪಡಣೆ: ಇವು ಅಂದಕ್ಕೆ ಸಂಬಂಧಿಸಿದವು. ಕಾರಿನ ಸುರಕ್ಷತೆಗೂ ಬಾಳಿಕೆಗೂ ಇವುಗಳಿಗೂ ಸಂಬಂಧವಿಲ್ಲ.
* ಕಾರಿನ ತಳಭಾಗದ ತುಕ್ಕುನಿರೋಧಕ ಲೇಪನ: ಸಮುದ್ರತೀರದ ಉಪ್ಪು ಗಾಳಿಯಲ್ಲಿ ಇದರ ಉಪಯೋಗ ಹೆಚ್ಚು. ಒಣ ಹವೆಯ ತುಮಕೂರು ಭಾಗದಲ್ಲಿ ಪ್ರತಿ ವರ್ಷ ಮಾಡಿಸುವ ಕಾರಣವಿಲ್ಲ.
* ಟೈರಿಗೆ ಸಾರಜನಕ ತುಂಬಿಸುವುದು: ಸಾಮಾನ್ಯ ಗಾಳಿಯಲ್ಲಿಯೇ ಶೇ. 78ರಷ್ಟು ಸಾರಜನಕವಿದೆ. ಸಾರಜನಕ ತುಂಬಿಸಿ ಪರೀಕ್ಷಿಸದೆ ಬಿಡುವುದಕ್ಕಿಂತ ಸಾಮಾನ್ಯ ಗಾಳಿಯನ್ನು ವಾರಕ್ಕೊಮ್ಮೆ ಪರೀಕ್ಷಿಸುವುದೇ ಮೇಲು.

7. ಕೆಲಸವನ್ನು ಎಲ್ಲಿ ಮಾಡಿಸಬೇಕು?

ವಾರಂಟಿ ಅವಧಿಯಲ್ಲಿರುವ ಕಾರನ್ನು ಸಕಾಲದಲ್ಲಿ ಸರ್ವಿಸ್ ಮಾಡಿಸುವುದು ಹಾಗೂ ಅದರ ದಾಖಲೆಗಳನ್ನು ಕಾಪಾಡುವುದು ಅತಿ ಮುಖ್ಯ. ಕೆಲವು ಸರ್ವಿಸ್‌ಗಳಲ್ಲಿ ಕೂಲಿ ಉಚಿತವಾಗಿದ್ದರೂ ಆಯಿಲ್ ಮತ್ತು ಬಿಡಿಭಾಗಗಳಿಗೆ ದರ ವಿಧಿಸಲಾಗುತ್ತದೆ ಎಂಬುದನ್ನು ಗಮನಿಸಬೇಕು.

ವಾರಂಟಿ ಮುಗಿದ ಬಳಿಕ ಅನುಭವಿ ಸ್ಥಳೀಯ ಗ್ಯಾರೇಜುಗಳಲ್ಲಿ ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಮುಂತಾದ ಕೆಲಸಗಳನ್ನು ಮಾಡಿಸಬಹುದು. ಈ ವಿಷಯದಲ್ಲಿ ಭಾರತ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಮಹತ್ವದ ಆದೇಶ ನೀಡಿತು. 14 ಕಾರು ತಯಾರಕ ಸಂಸ್ಥೆಗಳು ಬಿಡಿಭಾಗಗಳು ಹಾಗೂ ದುರಸ್ತಿಯ ತಾಂತ್ರಿಕ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೆ ಸುಲಭವಾಗಿ ದೊರೆಯದಂತೆ ನಿರ್ಬಂಧಿಸಿದ್ದವೆಂದು ಆಯೋಗವು ಕಂಡುಕೊಂಡು ಸುಮಾರು 2,545 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಸ್ವತಂತ್ರ ಗ್ಯಾರೇಜಿನಲ್ಲಿ ಕೆಲಸ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ಣವಾಗಿ ರದ್ದಾಗುತ್ತದೆ ಎಂಬ ಷರತ್ತನ್ನು ವಿಧಿಸಬಾರದೆಂದೂ ನಿರ್ದೇಶಿಸಿತು. ಈ ಆದೇಶದ ವಿರುದ್ಧ ಸಂಸ್ಥೆಗಳು ಮೇಲ್ಮನವಿಯ ಮಾರ್ಗ ಹಿಡಿದವು. ಆದಕಾರಣ ಮಾಲೀಕರು ವಾರಂಟಿಯ ಷರತ್ತುಗಳನ್ನು ಓದಿ ನಿರ್ಧರಿಸುವುದು ಕ್ಷೇಮ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ದುರಸ್ತಿಯ ಹಕ್ಕಿನ ಜಾಲತಾಣದಲ್ಲಿ ವಾಹನ ಕ್ಷೇತ್ರವೂ ಸೇರಿದೆ.

8. ಅಂದಾಜು ಪಟ್ಟಿ, ಬಿಲ್ಲು ಮತ್ತು ಹಳೆಯ ಬಿಡಿಭಾಗಗಳು

ಕಾರನ್ನು ಸರ್ವಿಸ್‌ಗೆ ಬಿಡುವಾಗ ಅನುಸರಿಸಬೇಕಾದ ಕ್ರಮಗಳು:

1) ಕೈಪಿಡಿಯನ್ನು ನೋಡಿ, ಆ ಕಿಲೋಮೀಟರಿಗೆ ಬರುವ ಕೆಲಸಗಳನ್ನು ಮನೆಯಲ್ಲಿಯೇ ಪಟ್ಟಿ ಮಾಡಿಕೊಳ್ಳುವುದು.
2) ಕಾರಿನಲ್ಲಿ ಕಂಡುಬಂದ ತೊಂದರೆಗಳನ್ನು ಲಕ್ಷಣದ ರೂಪದಲ್ಲಿ ಹೇಳುವುದು. "ಬ್ರೇಕ್ ಪ್ಯಾಡ್ ಬದಲಿಸಿ" ಎನ್ನುವ ಬದಲು "ಬ್ರೇಕ್ ಹಿಡಿದಾಗ ಮುಂದಿನ ಎಡಚಕ್ರದಲ್ಲಿ ಕಿರ್ ಎಂಬ ಶಬ್ದ ಬರುತ್ತದೆ" ಎಂದರೆ ನಿಜವಾದ ದೋಷದ ಪತ್ತೆಗೆ ಅನುಕೂಲ.
3) ಅಂದಾಜು ವೆಚ್ಚದ ಪಟ್ಟಿಯನ್ನು ಲಿಖಿತವಾಗಿ ಪಡೆದು, ಕೂಲಿ ಮತ್ತು ಬಿಡಿಭಾಗಗಳ ದರವನ್ನು ಪ್ರತ್ಯೇಕವಾಗಿ ನಮೂದಿಸುವಂತೆ ಕೋರುವುದು.
4) ಪಟ್ಟಿಯಲ್ಲಿಲ್ಲದ ಯಾವುದೇ ಕೆಲಸವನ್ನು ಮಾಲೀಕರ ಒಪ್ಪಿಗೆ ಪಡೆದ ನಂತರವೇ ಮಾಡಬೇಕೆಂದು ಕೆಲಸದ ಚೀಟಿಯಲ್ಲಿ ಬರೆಸುವುದು.
5) ಬದಲಿಸಿದ ಹಳೆಯ ಬಿಡಿಭಾಗಗಳನ್ನು ತೋರಿಸುವಂತೆ ಮೊದಲೇ ತಿಳಿಸುವುದು.
6) ಜಿ.ಎಸ್.ಟಿ. ಸಂಖ್ಯೆ ಇರುವ ಬಿಲ್ಲು ಪಡೆದು, ದಿನಾಂಕ ಹಾಗೂ ಓಡಿದ ಕಿಲೋಮೀಟರನ್ನು ನಮೂದಿಸಿ ಒಂದು ಕಡತದಲ್ಲಿ ಇಡುವುದು. ಚಿಕ್ಕ ಗ್ಯಾರೇಜುಗಳಿಗೆ ಜಿ.ಎಸ್.ಟಿ. ನೋಂದಣಿ ಇಲ್ಲದಿದ್ದಲ್ಲಿ ಸಾಮಾನ್ಯ ರಸೀದಿಯನ್ನಾದರೂ ಪಡೆಯತಕ್ಕದ್ದು.

"ಈಗಲೇ ಮಾಡಿಸದಿದ್ದರೆ ಏನಾಗುತ್ತದೆ? ಎಷ್ಟು ಕಿಲೋಮೀಟರಿನವರೆಗೆ ಓಡಿಸಬಹುದು?" ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ಸಲಹೆಗೂ ಕೇಳಬೇಕು. ಪ್ರಾಮಾಣಿಕ ಮೆಕ್ಯಾನಿಕ್ ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತಾರೆ. ಬ್ರೇಕ್, ಸ್ಟಿಯರಿಂಗ್ ಅಥವಾ ಟೈರಿಗೆ ಸಂಬಂಧಿಸಿದ ಸಲಹೆಯ ಬಗ್ಗೆ ಸಂದೇಹವಿದ್ದರೆ ಅದನ್ನು ತಳ್ಳಿಹಾಕದೆ ಮತ್ತೊಬ್ಬ ಮೆಕ್ಯಾನಿಕ್‌ಗೆ ಅದೇ ದಿನ ತೋರಿಸಿ ನಿರ್ಧರಿಸಬೇಕು.

9. ದೂರು ಸಲ್ಲಿಸುವ ವಿಧಾನ

ಮಾಡದ ಕೆಲಸಕ್ಕೆ ಹಣ ಪಡೆದರೆ, ನಕಲಿ ಬಿಡಿಭಾಗ ಅಳವಡಿಸಿದರೆ ಅಥವಾ ಬಿಲ್ಲು ನೀಡಲು ನಿರಾಕರಿಸಿದರೆ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಪರಿಹಾರ ಕೋರಬಹುದು. ಮೊದಲ ಹಂತದಲ್ಲಿ ಸರ್ವಿಸ್ ಕೇಂದ್ರಕ್ಕೆ ಲಿಖಿತ ದೂರು ನೀಡಿ, ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿಯೂ ಬಗೆಹರಿಯದಿದ್ದಲ್ಲಿ ತುಮಕೂರಿನಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗಾಗಿ ದೂರು ಸಲ್ಲಿಸಬೇಕು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿಯವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ಅಂದಾಜು ಪಟ್ಟಿ, ಕೆಲಸದ ಚೀಟಿ ಹಾಗೂ ಬಿಲ್ಲುಗಳೇ ಇಲ್ಲಿ ಸಾಕ್ಷ್ಯ.

10. ಮನೆಯಲ್ಲಿಯೇ ಮಾಡಬಹುದಾದ ತಪಾಸಣೆ

ತಿಂಗಳಿಗೊಮ್ಮೆ, ಬೆಳಗ್ಗೆ ಕಾರನ್ನು ಚಾಲೂ ಮಾಡುವ ಮುನ್ನ ಹತ್ತು ನಿಮಿಷಗಳಲ್ಲಿ ಈ ಕೆಳಕಂಡವುಗಳನ್ನು ನೋಡಿಕೊಳ್ಳಬಹುದು: ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ, ಕೂಲಂಟ್ ಹಾಗೂ ಬ್ರೇಕ್ ಆಯಿಲ್ ಡಬ್ಬಿಗಳಲ್ಲಿನ ಗುರುತು, ಸ್ಟೆಪ್ನಿ ಸಹಿತ ಐದೂ ಟೈರುಗಳ ಗಾಳಿ ಮತ್ತು ಅಚ್ಚು, ಎಲ್ಲ ದೀಪಗಳು, ಮಳೆಗಾಲಕ್ಕೆ ಮುನ್ನ ವೈಪರ್ ರಬ್ಬರು, ಕಾರು ನಿಂತ ನೆಲದ ಮೇಲೆ ಆಯಿಲ್ ಅಥವಾ ನೀರಿನ ಕಲೆ, ಬಾನೆಟ್ಟಿನ ಒಳಗೆ ಇಲಿಗಳು ಕಡಿದ ವೈರುಗಳು. ಬ್ರೇಕ್ ಆಯಿಲ್ ಮಟ್ಟ ಇಳಿದಿದ್ದರೆ ಮೇಲೆ ಸುರಿದು ಸುಮ್ಮನಾಗಬಾರದು. ಪ್ಯಾಡು ಸವೆದಿರಬಹುದು ಇಲ್ಲವೇ ಸೋರಿಕೆ ಇರಬಹುದು. ಕೂಡಲೇ ಪರೀಕ್ಷೆ ಮಾಡಿಸಬೇಕು.

ಸಾರಾಂಶ

ಕಾರಿನ ನಿರ್ವಹಣೆಯಲ್ಲಿ ಮಿತವ್ಯಯವೆಂದರೆ ಎಲ್ಲ ಕೆಲಸಗಳನ್ನೂ ಕಡಿಮೆ ಮಾಡುವುದಲ್ಲ. ಬ್ರೇಕ್, ಟೈರು, ಸ್ಟಿಯರಿಂಗ್, ಎಂಜಿನ್ ಆಯಿಲ್, ಕೂಲಂಟ್ ಮತ್ತು ಟೈಮಿಂಗ್ ಬೆಲ್ಟ್ ವಿಷಯದಲ್ಲಿ ಉಳಿತಾಯ ಮಾಡಬಾರದು. ಸ್ಥಿತಿಯನ್ನು ನೋಡಿ ನಿರ್ಧರಿಸಬೇಕಾದವುಗಳನ್ನು ಅಳತೆ ಮಾಡಿಸಿಯೇ ನಿರ್ಧರಿಸಬೇಕು. ಕೈಪಿಡಿಯಲ್ಲಿ ಇಲ್ಲದ, ಲಕ್ಷಣವೂ ಇಲ್ಲದ ಕೆಲಸಗಳನ್ನು ವಿನಯದಿಂದ ನಿರಾಕರಿಸಬೇಕು. ಈ ಮೂರು ವಿಭಾಗಗಳನ್ನು ಒಂದು ಹಾಳೆಯಲ್ಲಿ ಬರೆದು ಕಾರಿನ ಕೈಪಿಡಿಯೊಳಗೆ ಇಟ್ಟುಕೊಂಡಲ್ಲಿ, ಮುಂದಿನ ಸರ್ವಿಸ್ ದಿನದಂದು ನಿರ್ಧಾರ ಕೈಗೊಳ್ಳುವುದು ಸುಲಭವಾಗುತ್ತದೆ.